ಟಗರಿಗೆ ಇರುವ ಸೌಲಭ್ಯ

ಜಾತ್ರೆಗಳ ಕಾಲದಲ್ಲಿ ಗಲಗಲಿಯಿಂದ ಬೀಳಗಿ, ಮುಧೋಳ, ಜಮಖಂಡಿ ಕಡೆ ಒಮ್ಮೆ ತಿರುಗಾಡಿ ಬನ್ನಿ. ಟಗರಿನ ಕಾಳಗದ ಪೋಸ್ಟರ್ ಕಂಡರೆ ನಿಂತು ಓದಿ. ಹಾಲುಹಲ್ಲಿನದಕ್ಕೆ ಬೇರೆ ಬಹುಮಾನ, ಎರಡು ಹಲ್ಲಿನದಕ್ಕೆ ಬೇರೆ, ನಾಲ್ಕು ಹಲ್ಲಿನದಕ್ಕೆ ಬೇರೆ, ಎಂಟು ಹಲ್ಲಿನದಕ್ಕೆ ಬೇರೆ. ಕಣಕ್ಕೆ ಬಿಡುವ ಮುಂಚೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎಳೆಯದನ್ನು ಬಲಿತದ್ದರ ಎದುರು ನಿಲ್ಲಿಸುವುದಿಲ್ಲ. ಅಷ್ಟು ನ್ಯಾಯ ಉಂಟು.

ಅಂಥದೇ ಜಾತ್ರೆಯಲ್ಲಿ ರಾತ್ರಿ ಕಬಡ್ಡಿ. ಹದಿನಾರರ ಹುಡುಗನೂ ಮೂವತ್ತರ ಧಡಿಯನೂ ಒಂದೇ ಅಂಕಣದಲ್ಲಿ. ಇಲ್ಲಿ ಹಲ್ಲು ಎಣಿಸುವುದು ಪಂದ್ಯ ಮುಗಿದ ಮೇಲೆ.

ರೈಡಿಗೆ ಹೋದವನ ತಲೆ ಇನ್ನೊಬ್ಬನ ಮೊಣಕಾಲಿಗೆ ಬಡಿಯುತ್ತದೆ. ಹುಡುಗ ಬೀಳುತ್ತಾನೆ. ಏಳುತ್ತಾನೆ, ಆದರೆ ಕಣ್ಣು ಎಲ್ಲೋ ಇರುತ್ತದೆ. "ಏನೂ ಆಗಿಲ್ಲ, ಆಡ ತಮ್ಮಾ!" ಎಂದು ಮೈಕಿನವನು ತೀರ್ಪು ಕೊಡುತ್ತಾನೆ. ಅವನು ಯಾವ ಮೆಡಿಕಲ್ ಕಾಲೇಜಿನಲ್ಲಿ ಓದಿದ ಎಂದು ಯಾರೂ ಕೇಳುವುದಿಲ್ಲ. ಮುಖಕ್ಕೆ ನೀರು, ಬೆನ್ನಿಗೊಂದು ಗುದ್ದು, ಚಪ್ಪಾಳೆ. ಹುಡುಗ ಮತ್ತೆ ಒಳಗೆ. ರಕ್ತ ಬಂದಿಲ್ಲವಲ್ಲ!

ರಕ್ತ ಬಂದರಷ್ಟೇ ಗಾಯ. ಇದು ನಮ್ಮ ವೈದ್ಯಶಾಸ್ತ್ರ. ಮೊಣಕೈ ಕೆತ್ತಿದರೆ ಅರಿಶಿಣ. ಮಿದುಳು ಅಲುಗಾಡಿದರೆ ಸೋಡಾ.

ಗಡಿಗಿ ಒಡೆದಿಲ್ಲ ಎಂದ ಮಾತ್ರಕ್ಕೆ ಒಳಗಿನ ಮೊಸರು ಒಡೆದಿಲ್ಲ ಎನ್ನಲಾಗದು. ತಲೆ ಗಕ್ಕನೆ ನಿಂತರೂ ಒಳಗೆ ನೀರಿನಲ್ಲಿ ತೇಲುವ ಮಿದುಳು ನಿಲ್ಲುವುದಿಲ್ಲ. ತಿರುಚಿಕೊಳ್ಳುತ್ತದೆ. ಸಣ್ಣ ನರತಂತುಗಳು ಜಗ್ಗುತ್ತವೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಿ.ಟಿ. ಸ್ಕ್ಯಾನಿನಲ್ಲೂ ಬಹಳ ಸಲ ಏನೂ ಕಾಣದು. ಕಾಣಲಿಲ್ಲವೋ, "ನಾರ್ಮಲ್ ಐತಿ" ಎಂದು ಪೇಢೆ ಹಂಚುತ್ತೇವೆ. ಅತ್ತ ಪೆಟ್ಟು ತಿಂದ ಕೋಶಗಳು ಹೆಚ್ಚು ಶಕ್ತಿ ಬೇಡುವ ಹೊತ್ತಿಗೇ ರಕ್ತದ ಪೂರೈಕೆ ಇಳಿದಿರುತ್ತದೆ. ಆ ದಿನಗಳಲ್ಲೇ ಇನ್ನೊಂದು ಪೆಟ್ಟು ಬಿದ್ದರೆ ಮೊದಲಿನದಕ್ಕಿಂತ ಕೆಡುಕು. ಎಳೆಯರಲ್ಲಿ, ಅಪರೂಪಕ್ಕೇ ಆದರೂ, ಮಿದುಳು ದಿಢೀರನೆ ಊದಿ ಜೀವವೇ ಹೋಗಬಹುದು. ಹೀಗೆ ವರ್ಷಗಟ್ಟಲೆ ಪೆಟ್ಟು ತಿಂದವರಲ್ಲಿ ಕೆಲವರಿಗೆ ಮುಂದೆ ಮರೆವು, ಸಿಡುಕು, ಖಿನ್ನತೆ. ಆಗ ನಾವು "ಅವಂಗ ತಲಿ ಕೆಟ್ಟೈತಿ" ಎನ್ನುತ್ತೇವೆ. ಕೆಡಿಸಿದ್ದು ಯಾರೆಂದು ಕೇಳುವುದಿಲ್ಲ.

ಇದು ನಿನ್ನೆಯ ಸುದ್ದಿಯಲ್ಲ. ಬಾಕ್ಸರುಗಳು ಕುಡಿಯದೆಯೂ ತೂರಾಡುವುದೇಕೆ ಎಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬರೆದದ್ದು 1928ರಲ್ಲಿ. ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಸತ್ತ ಮೇಲೆ ಅವನ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟಿದ್ದನ್ನು ವೈದ್ಯ ಬೆನೆಟ್ ಒಮಾಲು 2005ರಲ್ಲಿ ಪ್ರಕಟಿಸಿದರು. ವೆಬ್‌ಸ್ಟರ್ ಆಡುತ್ತಿದ್ದ ಲೀಗಿನ ವೈದ್ಯರ ಸಮಿತಿ ಏನು ಮಾಡಿತು? ಲೇಖನ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಪತ್ರಿಕೆಗೆ ಬರೆಯಿತು. 2013ರಲ್ಲಿ ಅದೇ ಲೀಗು ಮಾಜಿ ಆಟಗಾರರೊಂದಿಗೆ 76.5 ಕೋಟಿ ಡಾಲರಿನ ರಾಜಿಗೆ ಬಂತು. ಸಮಿತಿಗಳ ಜಾತಿಯೇ ಅದು, ಅಮೆರಿಕ ಇರಲಿ, ಬಾಗಲಕೋಟೆ ಇರಲಿ.

"ಟಗರಿನ ತಲಿ ಗಟ್ಟಿ, ಅದಕ್ಕೇನ ಆಗ್ತೈತಿ?" ಎನ್ನುವವರಿಗೂ ಒಂದು ಸುದ್ದಿ ಇದೆ. 2022ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಶೋಧಕರು ಡಿಕ್ಕಿ ಹೊಡೆದೇ ಬದುಕುವ ಕಾಡುಕುರಿಗಳ, ಹಿಮನಾಡಿನ ಮಸ್ಕ್‌ಆಕ್ಸ್‌ಗಳ ಮಿದುಳು ಪರೀಕ್ಷಿಸಿದರು. ಅಲ್ಲೂ ಅದೇ ಟೌ, ಮಸ್ಕ್‌ಆಕ್ಸ್‌ಗಳಲ್ಲಿ ಹೇರಳವಾಗಿ, ಕಾಡುಕುರಿಗಳಲ್ಲಿ ಅಲ್ಲೊಂದು ಇಲ್ಲೊಂದು. ಕೋಡು, ದಪ್ಪ ಬುರುಡೆ ಎಲ್ಲ ಇದ್ದವಕ್ಕೇ ಈ ಗತಿ. ನಮ್ಮ ಹುಡುಗನಿಗೆ ಇರುವುದು ಹೇರ್ ಸ್ಟೈಲ್ ಒಂದೇ.

ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಕಾಳಗಗಳೇನೂ ನಿಂತಿಲ್ಲ. ಆದರೂ ಟಗರಿಗೆ ಕಾಗದದ ಮೇಲಾದರೂ ಒಂದು ಕಾಯ್ದೆ ಇದೆ. ಹುರುಳಿ, ಮೊಟ್ಟೆ, ಹಾಲು ಇದೆ. ಹಿಂದೆ ಸರಿಯುವ ಹಕ್ಕೂ ಇದೆ. ಮುಖ ತಿರುಗಿಸಿತೋ, ಸೋತಿತೆಂದು ಲೆಕ್ಕ. ಮಾಲೀಕ ಹಗ್ಗ ಹಿಡಿದು ಮನೆಗೆ ಕರೆದೊಯ್ಯುತ್ತಾನೆ. ಹುಡುಗ "ತಲಿ ತಿರಗಾಕತ್ತೈತಿ ಕಾಕಾ" ಎನ್ನಲಿ ನೋಡೋಣ. "ಗಂಡಸ ಹೌದಲ್ಲೋ ನೀ?"

ಕಾಳಗಕ್ಕೆ ಬೈಕನ್ನೇ ಬಹುಮಾನ ಇಡುವವರೂ ಇದ್ದಾರೆ. ಹೆಲ್ಮೆಟ್ ಸೇರಿಲ್ಲ. ಗೆದ್ದ ಟಗರು ಹುಲ್ಲು ಹಾಸಿದ ಗಾಡಿಯಲ್ಲಿ, ಹಿಂದೆ ಬರಿತಲೆಯ ಮೂವರು ಒಂದೇ ಬೈಕಿನಲ್ಲಿ, ಅವರ ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್. 2019ರಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ಇಲ್ಲದ ತಲೆಗೆ 1,000 ರೂಪಾಯಿ ದಂಡ ಎಂದಿತು. ನಮ್ಮ ರಾಜ್ಯ ಅದೇ ವರ್ಷ 500ಕ್ಕೆ ಇಳಿಸಿತು. ತಲೆಯ ಬೆಲೆ ಕುರಿತು ಇದಕ್ಕಿಂತ ಪ್ರಾಮಾಣಿಕ ಸರ್ಕಾರಿ ದಾಖಲೆ ಸಿಗಲಾರದು. ಅಂದಹಾಗೆ, ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ. ಒಳಗಿನ ಅಲುಗಾಟವನ್ನು ಪೂರ್ತಿ ತಡೆಯುವುದಿಲ್ಲ. ಇದನ್ನು ಹೇಳಲೇ ಹೆದರಿಕೆ. "ಹಂಗಾದ್ರ ಯಾಕ ಬೇಕ್ರಿ?" ಎಂದು ಇದ್ದದ್ದನ್ನೂ ಟ್ಯಾಂಕಿನ ಮೇಲಿಡುವ ಜನ ನಾವು.

ಮುಧೋಳ ರನ್ನನ ಸೀಮೆ. ಅವನು ಕಾವ್ಯ ಬರೆದ ಗದಾಯುದ್ಧದ ನಿಯಮ ಒಂದೇ: ಸೊಂಟದ ಕೆಳಗೆ ಹೊಡೆಯಬಾರದು. ತಲೆಗೆ ಧಾರಾಳವಾಗಿ ಹೊಡೆಯಬಹುದು. ಹತ್ತನೆಯ ಶತಮಾನದಿಂದ ನಾವು ನಿಯಮಪುಸ್ತಕ ಬದಲಿಸಿಲ್ಲ.

ಕ್ರಿಕೆಟ್ ಬದಲಿಸಿತು. ತಲೆಗೆ ಪೆಟ್ಟು ಬಿದ್ದವನ ಜಾಗಕ್ಕೆ ಬದಲಿ ಆಟಗಾರ ಎಂಬ ನಿಯಮ 2019ರಲ್ಲಿ ಬಂತು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ತಲೆಗೆ ಚೆಂಡು ತಗುಲಿ, ಅವರ ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ಕಿತ್ತರು. ನಮ್ಮ ಕಟ್ಟೆಯ ಪಂಡಿತರಿಗೆ ಕಂಡದ್ದು "ಭಾರಿ ಐಡಿಯಾ ಮಾಡಿದ್ರು" ಎಂಬುದಷ್ಟೇ.

ಮಿದುಳು ಕಾಯುವ ಗುಳಿಗೆ ಇನ್ನೂ ಬಂದಿಲ್ಲ. ಇರುವ ಉಪಾಯ ಪುಕ್ಕಟೆ. ಪೆಟ್ಟು ಬಿದ್ದ ದಿನ ಮತ್ತೆ ಆಡಿಸಬಾರದು. ಒಂದೆರಡು ದಿನ ಆರಾಮು, ಮೊಬೈಲೂ ಕಡಿಮೆ. ಆಮೇಲೆ ಹಂತಹಂತವಾಗಿ ಓಟ, ಅಭ್ಯಾಸ. ವೈದ್ಯರು ಹ್ಞೂಂ ಎಂದ ಮೇಲೆ ಪಂದ್ಯ. ತಲೆನೋವು ಏರುತ್ತಿದ್ದರೆ, ಮತ್ತೆಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಮಂಪರು ಹತ್ತಿದರೆ ತಡಮಾಡದೆ ಆಸ್ಪತ್ರೆ. ಇದರಲ್ಲಿ ಟೆಂಡರ್ ಇಲ್ಲ, ಉದ್ಘಾಟನೆ ಇಲ್ಲ. ಆದ್ದರಿಂದ ಆಸಕ್ತಿಯೂ ಇಲ್ಲ.

ಅಂಕಣದ ಪಕ್ಕದಲ್ಲೇ ಕೇಳುವ ಪ್ರಶ್ನೆಗಳೂ ಸರಳ. ಈಗ ಯಾವ ಊರಾಗ ಅದೀ? ಕಡೀ ಪಾಯಿಂಟ್ ಯಾರ ತಗೊಂಡ್ರು? ಹಿಂದಿನ ಪಂದ್ಯ ಯಾರ ಜೋಡಿ ಆಡಿದ್ದಿ? ಒಂದು ತಪ್ಪಿದರೂ ಹುಡುಗ ಹೊರಗೆ ಕೂರಬೇಕು. ಎಲ್ಲ ಸರಿ ಹೇಳಿದನೆಂದು ಒಳಗೆ ಬಿಡುವಂತೆಯೂ ಇಲ್ಲ.

ಮೈಕಿನವನಿಗೆ ಇಷ್ಟು ಕೇಳಲು ಬರದೇ? ಬರುತ್ತದೆ, ಪುರುಸೊತ್ತಿಲ್ಲ. ದೇಣಿಗೆ ಕೊಟ್ಟವರ ಹೆಸರು ಓದುವುದಿದೆ. ಯಾರದು 501, ಯಾರದು 1,001 ಎಂದು ರಾತ್ರಿಯಿಡೀ ಓದುತ್ತಾನೆ. ಅದರಲ್ಲಿ ಒಂದು ಹೆಸರು ಬಿಟ್ಟುಹೋಗಲಿ, ಆಗ ಪಂದ್ಯ ನಿಲ್ಲಿಸುತ್ತಾರೆ.