ಹಿಂದಲೆಯ ಕಷ್ಟ

ತಲೆಗೆ ಬಣ್ಣ ಹಚ್ಚುವ ಭಾನುವಾರ ಯಾರ ಮನೆ ಬಾಗಿಲು ತಟ್ಟಿದರೂ ಕೂಡಲೇ ತೆರೆಯುವುದಿಲ್ಲ. ಒಳಗೆ ಏನೋ ಸರಿದ ಸದ್ದು, ಬಚ್ಚಲುಮನೆಯ ಚಿಲಕ ಬಿದ್ದ ಸದ್ದು. ಆಮೇಲೆ ಮನೆಯಾಕೆ ಬಂದು, ‘ಬನ್ನಿ ಕೂತ್ಕೊಳ್ಳಿ, ಅವರು ಸ್ನಾನಕ್ಕೆ ಹೋಗಿದಾರೆ’ ಎನ್ನುತ್ತಾರೆ. ಆ ಸ್ನಾನ ಮುಗಿಯಲು ಮುಕ್ಕಾಲು ಗಂಟೆ ಬೇಕು. ಬಂದವರೂ ಬಣ್ಣದ ಗಿರಾಕಿಗಳೇ ಆದ್ದರಿಂದ ಏನೂ ಕೇಳದೆ ಕಾಫಿ ಕುಡಿಯುತ್ತಾ ಕಾಯುತ್ತಾರೆ.

ಈ ಗುಟ್ಟಿನ ಮೇಲೆಯೇ ವ್ಯಾಪಾರವೂ ನಿಂತಿದೆ. 1956ರಲ್ಲಿ ಅಮೆರಿಕದ ಕ್ಲೇರಾಲ್ ಕಂಪನಿಗೆ ಷರ್ಲಿ ಪೋಲಿಕಾಫ್ ಎಂಬಾಕೆ ಬರೆದ ಜಾಹೀರಾತಿನ ಜೀವಾಳವೇ ಇದು: ಈಕೆ ಬಣ್ಣ ಹಚ್ಚಿದ್ದಾಳೋ ಇಲ್ಲವೋ, ನೋಡಿದವರಿಗೆ ಗೊತ್ತಾಗಬಾರದು. ಆದರೆ ಹಣೆಯಂಚಿನ ಕಪ್ಪು ಗೆರೆ, ಕಿವಿಯ ಮೇಲಿನ ಮಚ್ಚೆ, ಟವೆಲ್ಲಿನ ಕಲೆ ಇವೆಲ್ಲ ಊರಿಗೆ ಡಂಗುರ ಸಾರುತ್ತವೆಂದು ಯಾವ ಜಾಹೀರಾತೂ ಹೇಳುವುದಿಲ್ಲ.

ರಸಾಯನಶಾಸ್ತ್ರದವರು ತಮ್ಮ ಪಾಲಿನ ಕೆಲಸವನ್ನು ಎಂದೋ ಮುಗಿಸಿದ್ದಾರೆ. 1907ರಲ್ಲೇ ಫ್ರಾನ್ಸಿನ ಯೂಜೀನ್ ಶೂಲರ್ ಕೂದಲಿನ ಬಣ್ಣ ತಯಾರಿಸಿದ. ಎರಡು ವರ್ಷದ ಮೇಲೆ ಅವನು ಕಟ್ಟಿದ ಕಂಪನಿಯೇ ಇಂದಿನ ಲೋರಿಯಾಲ್. ಈಗ ಡಬ್ಬಿಯಲ್ಲಿ ಬರುವ ಎರಡು ಟ್ಯೂಬುಗಳಲ್ಲಿ ಒಂದರೊಳಗೆ ಬಣ್ಣವಿನ್ನೂ ಬಂದಿರದ ಪುಟ್ಟ ಅಣುಗಳೂ ಅಮೋನಿಯವೂ, ಇನ್ನೊಂದರೊಳಗೆ ಹೈಡ್ರೋಜನ್ ಪೆರಾಕ್ಸೈಡೂ ಇರುತ್ತವೆ. ಅಮೋನಿಯ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ, ಅಣುಗಳು ಒಳನುಗ್ಗುತ್ತವೆ, ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಒಬ್ಬೊಬ್ಬರಾಗಿ ಬಾಗಿಲು ದಾಟಿ ಬಂದ ನೆಂಟರು ಒಳಗೆ ಗುಂಪುಕಟ್ಟಿಕೊಂಡು ಠಿಕಾಣಿ ಹೂಡಿದಂತೆ, ದೊಡ್ಡದಾದ ಬಣ್ಣ ಮತ್ತೆ ಹೊರಬೀಳಲಾರದು. ಕಲಸಿ ಉಳಿದದ್ದನ್ನು ಮಾತ್ರ ಮುಚ್ಚಿಡುವಂತಿಲ್ಲ. ಆಮ್ಲಜನಕ ಹೊಮ್ಮುತ್ತಲೇ ಇದ್ದು ಬಿಗಿಮುಚ್ಚಳದ ಬಾಟಲಿ ಸಿಡಿದೀತು. ನಿನ್ನೆಯ ಸಾರನ್ನು ಇವತ್ತು ಕುದಿಸಿ ಉಣ್ಣುವ ನಮ್ಮವರ ಹೊಟ್ಟೆ ಉರಿಯುವುದು ಇಲ್ಲಿಯೇ. ನೀರಲ್ಲಿ ಕಲಸುವ ಪುಡಿಯ ಪ್ಯಾಕೆಟ್ಟು ಕಂಡುಹಿಡಿದವನು ಪುಣ್ಯವಂತ. ಮೀಸೆಗೆ ಬೇಕಾದಷ್ಟು ಉದುರಿಸಿಕೊಂಡು ಉಳಿದದ್ದನ್ನು ಮಡಿಸಿ ಕ್ಲಿಪ್ಪು ಹಾಕಿಡಬಹುದು.

ಎಲ್ಲರೂ ಎಡವುವುದು ಹಚ್ಚುವ ಸಾಧನದಲ್ಲಿ. ಡಬ್ಬಿಯ ಜೊತೆ ಬರುವ ಬ್ರಷ್ಷಿನ ಒಂದು ತುದಿಗೆ ಕುಚ್ಚು, ಇನ್ನೊಂದು ತುದಿಗೆ ಬೈತಲೆ ತೆಗೆಯಲು ಚೂಪು ಬಾಲ. ಪಾರ್ಲರಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಹಚ್ಚುವವರು ಬೆನ್ನ ಹಿಂದೆ ನಿಂತಿರುತ್ತಾರೆ. ಮನೆಯಲ್ಲಿ ಹಚ್ಚುವವರೂ ಹಚ್ಚಿಸಿಕೊಳ್ಳುವವರೂ ಒಬ್ಬರೇ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ, ಹಿಂದಲೆಯೂ ಅಷ್ಟೇ. ಒಂದು ಕೈಗೆ ಬಟ್ಟಲು, ಇನ್ನೊಂದಕ್ಕೆ ಬ್ರಷ್ಷು. ಹಿಂದೆ ಹಿಡಿಯಬೇಕಾದ ಕನ್ನಡಿಗೆ ಮೂರನೆಯ ಕೈ ಎಲ್ಲಿಂದ ತರುವುದು? ಬಾಚಣಿಗೆ ಹಲ್ಲಿನ ಮೂತಿಯಿರುವ ಬಾಟಲಿಯೂ ಬಂದಿದೆ. ಒತ್ತಿದರೆ ಬಣ್ಣ ಸಲೀಸಾಗಿ ಬರಬೇಕು, ತಲೆ ಮೇಲೆ ಬಿದ್ದಾಗ ಅಲ್ಲೇ ನಿಲ್ಲಬೇಕು, ಕತ್ತಿಗೆ ಇಳಿಯಬಾರದು. ಇಷ್ಟನ್ನು ಸಾಧಿಸಿದವರಿಗೂ ಹಿಂದಲೆ ಹಿಂದಲೆಯಾಗಿಯೇ ಉಳಿದಿದೆ.

ಇದಕ್ಕಿಂತ ದೊಡ್ಡ ತಮಾಷೆ ಕನ್ನಡಕದ್ದು. ಬಣ್ಣ ಬೇಕಾಗುವ ವಯಸ್ಸೂ ಓದಲು ಕನ್ನಡಕ ಬೇಕಾಗುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಹಚ್ಚುವ ಮುಂಚೆ ಕನ್ನಡಕ ತೆಗೆದಿಡಲೇಬೇಕು, ಇಲ್ಲವಾದರೆ ಅದರ ಕಡ್ಡಿಗೂ ಬಣ್ಣ. ತೆಗೆದಿಟ್ಟ ಮೇಲೆ ಓದಬೇಕಾದ ಸೂಚನೆಗಳು ಎಳ್ಳಿಗಿಂತ ಸಣ್ಣ ಅಕ್ಷರದಲ್ಲಿರುತ್ತವೆ! 48 ಗಂಟೆ ಮುಂಚೆ ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲೋ ತುಸು ಹಚ್ಚಿ ನೋಡಿ, ಕೆಲವರಿಗೆ ಅಲರ್ಜಿ ಆಗುತ್ತದೆ ಎಂಬ ಬಹುಮುಖ್ಯ ಮಾತು ಅಲ್ಲೇ ಎಲ್ಲೋ ಅಡಗಿರುತ್ತದೆ. ನಾಳೆ ಬೆಳಗ್ಗೆ ಮದುವೆಯಿದ್ದು ಇವತ್ತು ಸಂಜೆ ಪ್ಯಾಕೆಟ್ಟು ಕತ್ತರಿಸುವವರಿಗೆ 48 ಗಂಟೆ ಎಲ್ಲಿದೆ? ವಿನ್ಯಾಸಗಾರರು ಮಾಡಬೇಕಾದ ಮೊದಲ ಕೆಲಸ ತಮ್ಮ ಕನ್ನಡಕ ಪಕ್ಕಕ್ಕಿಟ್ಟು ಆ ಚೀಟಿ ಓದಿ ನೋಡುವುದು.

ಡಬ್ಬಿಯೊಳಗೆ ಬರುವ ಪ್ಲಾಸ್ಟಿಕ್ ಕೈಗವಸಿನ ಬಗ್ಗೆ ಹೆಚ್ಚು ಹೇಳಲಾರೆ. ಅದನ್ನು ಯಾರೋ ಪೈಲ್ವಾನರ ಅಳತೆ ತೆಗೆದು ಹೊಲಿದಿದ್ದಾರೆ.

ಇಷ್ಟೆಲ್ಲ ಸಂಶೋಧನೆಯ ನಡುವೆ ಗೆದ್ದಿರುವುದು ಹಲ್ಲುಜ್ಜುವ ಹಳೇ ಬ್ರಷ್ಷು. ಮೀಸೆಗೂ ಕಿವಿಯ ಪಕ್ಕದ ಕೂದಲಿಗೂ ಅದರ ಪುಟ್ಟ ತಲೆ ಹೇಳಿ ಮಾಡಿಸಿದ ಹಾಗಿದೆ. ಬಚ್ಚಲುಮನೆಯ ಕಿಟಕಿಯಂಚಿನಲ್ಲಿ ಕಪ್ಪಾಗಿ ಕೂತಿರುತ್ತದೆ. ಊರಿಂದ ಬಂದ ನೆಂಟರಿಗೆ ಮಾತ್ರ ಮೊದಲೇ ಹೇಳಿಡಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಎಷ್ಟು ನಾಜೂಕಾಗಿ ಹಚ್ಚಿದರೂ ಮುಂದಿನ ಸಂಬಳದ ಹೊತ್ತಿಗೆ ಬೈತಲೆಯಲ್ಲಿ ಬಿಳಿ ಗೆರೆ ಹಾಜರು. ಈ ಗೋಳಿಗೆ ನಮ್ಮ ಭಾವ ಒಂದು ದಾರಿ ಕಂಡುಕೊಂಡಿದ್ದಾರೆ: ಹಿಂದಲೆಗೆ ಹಚ್ಚುವುದನ್ನೇ ಬಿಟ್ಟಿದ್ದಾರೆ. ‘ಇದೇನು ಭಾವ, ಅರ್ಧಂಬರ್ಧ?’ ಎಂದರೆ ನಗುತ್ತಾರೆ.

‘ಎದುರಿಗೆ ಬಂದವರಿಗೆ ನಂಗಿನ್ನೂ ವಯಸ್ಸಾಗಿಲ್ಲ. ಬಸ್ಸಲ್ಲಿ ಹಿಂದೆ ಕೂತಿರೋ ಹುಡುಗರು ಮಾತ್ರ ಪಾಪ ಎದ್ದು ಸೀಟು ಬಿಟ್ಟುಕೊಡ್ತಾರೆ ಕಣಯ್ಯಾ. ತಿರುಗದೇ ಹಾಗೇ ಹಿಂದಕ್ಕೆ ಸರಿದು ಕೂತುಬಿಡೋದು.’