ಒಂದೇ ಕಮಾಂಡು ಸಾಕು, ಸ್ವಾಮಿ!

‘ಒಂದೇ ಕಮಾಂಡು ಸಾಕು ಸ್ವಾಮಿ, ಎಲ್ಲಾ ತಾನಾಗೇ ಎದ್ದು ನಿಲ್ಲುತ್ತೆ’ ಎಂದು ಸಾಫ್ಟ್‌ವೇರಿನವರು ಹೇಳಿದರೆ ಆ ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಡಾಕರ್ ಕಂಪೋಸ್ ಎಂಬ ಸಲಕರಣೆ ಬದುಕಿರುವುದೇ ಈ ಮಾತಿನ ಮೇಲೆ. ವೆಬ್ ಸರ್ವರ್ ಒಂದು ಕಂಟೇನರಿನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ, ಕ್ಯಾಶ್ ಮತ್ತೊಂದರಲ್ಲಿ. ಯಾವುದು ಯಾವುದರ ಜೊತೆ ಮಾತಾಡಬೇಕು, ಯಾವ ಪೋರ್ಟು ತೆರೆದಿರಬೇಕು ಎಂಬುದನ್ನೆಲ್ಲ ಒಂದು ಯಾಮಲ್ ಫೈಲಿನಲ್ಲಿ ಬರೆದಿಟ್ಟು ‘ಡಾಕರ್ ಕಂಪೋಸ್ ಅಪ್’ ಎಂದು ಹೊಡೆದರಾಯಿತು. ಎದ್ದು ನಿಲ್ಲುತ್ತದೆ, ಸುಳ್ಳಲ್ಲ. ಆ ಒಂದು ಕಮಾಂಡು ಹೊಡೆಯುವ ಯೋಗ್ಯತೆ ಸಂಪಾದಿಸಲು ಹೊಡೆಯಬೇಕಾದ ಮಿಕ್ಕ ಕಮಾಂಡುಗಳನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ, ಅಷ್ಟೇ.

ಇದರ ಹಿಂದೆ ಹಳೆಯ ಜಗಳವೊಂದಿದೆ. ಪ್ರೋಗ್ರಾಮು ಬರೆದವನ ಲ್ಯಾಪ್‌ಟಾಪಿನಲ್ಲಿ ಓಡುವುದು ಸರ್ವರಿನಲ್ಲಿ ಓಡುತ್ತಿರಲಿಲ್ಲ. ಪೈಥಾನಿನ ಆವೃತ್ತಿ ಬೇರೆ, ಲೈಬ್ರರಿ ಬೇರೆ, ಕಾರಣ ಹುಡುಕುವವರ ಸಹನೆಯ ಮಟ್ಟವೂ ಬೇರೆ. ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲೋ ಮಗಾ’ ಎಂದು ಬರೆದವನು ಹೇಳಿಬಿಟ್ಟರೆ ಬೆಂಗಳೂರಿನ ಆಫೀಸುಗಳಲ್ಲಿ ಅದರ ಮೇಲೆ ಮೇಲ್ಮನವಿ ಇರಲಿಲ್ಲ. 2013ರ ಮಾರ್ಚಿನಲ್ಲಿ ಸಾಂತಾ ಕ್ಲಾರಾದ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಎಂಬಾತ ಐದು ನಿಮಿಷದ ಪುಟ್ಟ ಭಾಷಣದಲ್ಲಿ, ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಕಂಟೇನರೆಂಬ ಒಂದೇ ಡಬ್ಬಿಯಲ್ಲಿ ತುಂಬಿ ಓಡಿಸುವ ಡಾಕರ್ ತೋರಿಸಿದಾಗ ಜಗಳ ಮುಗಿಯಿತೆಂದೇ ಜನ ನಂಬಿದರು. ಒಳಗಿನ ಸರಕು ತೀರಾ ಹೊಸದೇನಲ್ಲ. ಒಂದು ಪ್ರೊಸೆಸ್ಸಿಗೆ ‘ಈ ಮಷೀನಿನಲ್ಲಿ ನೀನೊಬ್ಬನೇ ಇರುವುದು’ ಎಂದು ನಂಬಿಸುವ ನೇಮ್‌ಸ್ಪೇಸು, ಅದು ಎಷ್ಟು ಮೆಮೊರಿ ತಿನ್ನಬಹುದೆಂದು ಅಳೆದು ಕೊಡುವ ಸಿಗ್ರೂಪು, ಎರಡೂ ಲಿನಕ್ಸ್ ಕರ್ನಲ್ಲಿಗೆ 2008ರ ಹೊತ್ತಿಗೇ ಬಂದಿದ್ದವು. ಡಾಕರ್ ಅವನ್ನು ಚೆಂದದ ಪೊಟ್ಟಣ ಕಟ್ಟಿ, ಮೇಲೆ ನೀಲಿ ತಿಮಿಂಗಿಲದ ಚಿತ್ರ ಅಂಟಿಸಿತು.

ಜಗಳ ಮುಗಿಯಿತೇ? 2020ರ ನವೆಂಬರಿನಲ್ಲಿ ಆಪಲ್ ತನ್ನ ಲ್ಯಾಪ್‌ಟಾಪುಗಳಿಗೆ ಆರ್ಮ್ ಜಾತಿಯ ಚಿಪ್ಪು ಹಾಕಿತು. ಅದರಲ್ಲಿ ಕಟ್ಟಿದ ಇಮೇಜನ್ನು, ಅಂದರೆ ಕಂಟೇನರಿನ ಅಚ್ಚನ್ನು, ಇಂಟೆಲ್ ಚಿಪ್ಪಿನ ಲಿನಕ್ಸ್ ಸರ್ವರಿಗೆ ಹಾಕಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಮೂರು ಪದ ಉಗುಳಿ ಸಾಯುತ್ತದೆ. ಬರೆದವನು ಈಗಲೂ ಅದೇ ಹಳೆಯ ತೀರ್ಪು ಕೊಡುತ್ತಾನೆ. ವ್ಯತ್ಯಾಸವೆಂದರೆ ಈಗ ಅದನ್ನು ಕಂಟೇನರಿನ ಒಳಗೆ ಕೂತು ಕೊಡುತ್ತಾನೆ.

ಇರಲಿ, ಉಬುಂಟು ಎಂಬ ಲಿನಕ್ಸ್ ಇರುವ ಮಷೀನಿಗೆ ಇದನ್ನು ಹಾಕೋಣ. ಯಾವುದನ್ನು ಹಾಕುತ್ತೀರಿ? ‘ಡಾಕರ್ ಡಾಟ್ ಐಓ’ ಎಂಬ ಪ್ಯಾಕೇಜು ಉಬುಂಟುವಿನವರದು. ‘ಡಾಕರ್ ಸಿಇ’ ಡಾಕರ್ ಕಂಪನಿಯದು. ಸ್ನ್ಯಾಪ್ ಅಂಗಡಿಯಲ್ಲಿ ಸಿಗುವುದು ಮೂರನೆಯದು. ಬರೀ ‘ಡಾಕರ್’ ಎಂಬ ಹೆಸರು ಉಬುಂಟುವಿಗೆ ಬುನಾದಿಯಾದ ಡೆಬಿಯನ್ನಿನಲ್ಲಿ ಅದಾಗಲೇ ಪರದೆಯ ಮೂಲೆಯಲ್ಲಿ ಐಕಾನು ಕೂರಿಸುವ ಸಣ್ಣ ಪ್ರೋಗ್ರಾಮೊಂದರ ಪಾಲಾಗಿತ್ತು, ಹಾಗಾಗಿ ತಿಮಿಂಗಿಲಕ್ಕೆ ಬಾಲ ಅಂಟಿಸಬೇಕಾಯಿತು. ಕಂಪೋಸ್ ವಿಷಯಕ್ಕೆ ಬಂದರೆ ‘ಡಾಕರ್-ಕಂಪೋಸ್’, ‘ಡಾಕರ್-ಕಂಪೋಸ್-ವಿ2’, ‘ಡಾಕರ್-ಕಂಪೋಸ್-ಪ್ಲಗಿನ್’ ಎಂದು ಮತ್ತೆ ಮೂರು. ಗೊಂದಲ ಬೇಡವೆಂದು ಕಂಪನಿಯ ಅಧಿಕೃತ ಸೂಚನೆ ಓದಿದಿರೋ, ಮೊಟ್ಟಮೊದಲ ಹಂತವೇ ಇದುವರೆಗೆ ಹಾಕಿದ್ದನ್ನೆಲ್ಲ ಕಿತ್ತುಹಾಕಿ ಎಂಬುದು. ಹಾಕುವ ವಿಧಾನ ಕೀಳುವುದರಿಂದ ಆರಂಭವಾಗುತ್ತದೆಂದರೆ ಬರೆದವರಿಗೆ ಓದುಗರ ಪರಿಚಯ ಚೆನ್ನಾಗಿಯೇ ಇದೆ.

‘ಡಾಕರ್-ಕಂಪೋಸ್’ ನಡುವಿನ ಆ ಅಡ್ಡಗೆರೆಗೂ ಒಂದು ಚರಿತ್ರೆ ಇದೆ. ಫಿಗ್ ಎಂಬ ಸಲಕರಣೆಯನ್ನು ಡಾಕರ್ ಕಂಪನಿ 2014ರಲ್ಲಿ ಕೊಂಡು ಕಂಪೋಸ್ ಎಂದು ನಾಮಕರಣ ಮಾಡಿತು. ಅದು ಪೈಥಾನಿನಲ್ಲಿ ಬರೆದದ್ದು, ಅಡ್ಡಗೆರೆ ಹಾಕಿ ಕರೆಯಬೇಕು. ಆಮೇಲೆ ಗೋ ಭಾಷೆಯಲ್ಲಿ ಹೊಸದಾಗಿ ಬರೆದು, 2022ರಲ್ಲಿ ಇದೇ ಇನ್ನು ಮುಂದೆ ಎಂದರು. ಇದಕ್ಕೆ ಅಡ್ಡಗೆರೆ ಇಲ್ಲ, ಖಾಲಿ ಜಾಗ. 2023ರ ಜುಲೈಯಲ್ಲಿ ಹಳೆಯದಕ್ಕೆ ಆರೈಕೆ ನಿಂತಿತು. ಅಂದಿನಿಂದ ಲೋಕದ ತುಂಬ ಬಿದ್ದಿರುವ ಸ್ಕ್ರಿಪ್ಟುಗಳಲ್ಲಿ ಅಡ್ಡಗೆರೆ ಅಳಿಸುವ ಕಾಯಕ ನಡೆದಿದೆ. ಇಂಜಿನಿಯರಿಂಗ್ ಓದಿ, ಮೇಲೊಂದು ಸರ್ಟಿಫಿಕೇಟನ್ನೂ ಮಾಡಿಕೊಂಡ ಮಂದಿ ಆ ವಾರದ ಸಾಧನೆ ಹೇಳಿ ಎಂದು ಮ್ಯಾನೇಜರು ಕೇಳಿದಾಗ ‘ಮೈಗ್ರೇಶನ್’ ಎನ್ನುತ್ತಾರೆ. ಗೆರೆ ಅಳಿಸಿದೆ ಎಂದರೆ ಇನ್‌ಕ್ರಿಮೆಂಟು ಹುಟ್ಟುವುದಿಲ್ಲವಲ್ಲ.

ಹಾಕಿ ಮುಗಿದ ಮೇಲೆ ಮೊದಲ ಉತ್ತರ ‘ಪರ್ಮಿಶನ್ ಡಿನೈಡ್’. ಡಾಕರಿನ ಸಾಕೆಟ್ಟು ಮಷೀನಿನ ಸರ್ವಾಧಿಕಾರಿಯಾದ ರೂಟಿನ ಸ್ವತ್ತು, ನೀವು ಪಾಮರರು. ಪರಿಹಾರವಾಗಿ ನಿಮ್ಮ ಹೆಸರನ್ನು ‘ಡಾಕರ್’ ಎಂಬ ಗುಂಪಿಗೆ ಸೇರಿಸಿಕೊಂಡು, ಲಾಗ್ ಔಟ್ ಆಗಿ, ಮತ್ತೆ ಒಳಬರಬೇಕು. ಬಂದರೆ ಎಲ್ಲ ಸಲೀಸು. ಈ ಗುಂಪಿಗೆ ಸೇರಿದವರಿಗೆ ರೂಟಿಗೆ ಸಮನಾದ ಅಧಿಕಾರ ಸಿಗುತ್ತದೆಂದು ಕಂಪನಿಯವರೇ ಎಚ್ಚರಿಕೆ ಬರೆದಿಟ್ಟಿದ್ದಾರೆ. ಆ ಎಚ್ಚರಿಕೆ ಕಮಾಂಡಿನ ಮೇಲಿದೆ, ಕಾಪಿ ಮಾಡುವ ಗುಂಡಿ ಕಮಾಂಡಿನ ಪಕ್ಕದಲ್ಲಿದೆ. ಯಾವುದನ್ನು ಜನ ಮುಟ್ಟುತ್ತಾರೆಂದು ಕೇಳಬೇಕೆ? ‘ಸೆಕ್ಯುರಿಟಿಗೋಸ್ಕರ ಕಂಟೇನರು’ ಎಂದು ಮೀಟಿಂಗಿನಲ್ಲಿ ಸ್ಲೈಡು ತೋರಿಸುವ ಮಹನೀಯರೂ ಮುಟ್ಟಿರುವುದು ಅದೇ ಗುಂಡಿಯನ್ನು.

ಇನ್ನು ಯಾಮಲ್ ಮಹಾತ್ಮೆ. ಖಾಲಿ ಜಾಗಕ್ಕೆ ಅರ್ಥವಿರುವ ಲಿಪಿಯಿದು. ಸಾಲಿನ ಆರಂಭದಲ್ಲಿ ಎರಡು ಸ್ಪೇಸಿನ ಬದಲು ಟ್ಯಾಬು ಒತ್ತಿದರೆ ಫೈಲು ತಿರಸ್ಕೃತ. ಕಂಟೇನರು ಸತ್ತರೆ ಮತ್ತೆ ಎಬ್ಬಿಸಬೇಡ ಎಂದು ಹೇಳಲು ‘ರಿಸ್ಟಾರ್ಟ್’ ಎದುರು ‘ನೋ’ ಎಂದು ಬರೆಯಬೇಕು, ಅದೂ ಉದ್ಧರಣ ಚಿಹ್ನೆಯೊಳಗೆ. ಚಿಹ್ನೆ ಇಲ್ಲದ ಬರೀ ‘ನೋ’ವನ್ನು ಹಳೆಯ ಯಾಮಲ್ ನಿಯಮ ನಿರಾಕರಣೆ ಎಂದು ಓದದೆ, ತರ್ಕದ ‘ಫಾಲ್ಸ್’ ಎಂದು ಓದುತ್ತದೆ. ದೇಶಗಳ ಸಂಕೇತಾಕ್ಷರಗಳ ಪಟ್ಟಿಯಲ್ಲಿ ನಾರ್ವೆಯ ಎರಡಕ್ಷರವೂ ‘ಎನ್ ಓ’ ಆದ್ದರಿಂದ ಆ ಇಡೀ ದೇಶ ಯಾಮಲ್ ಫೈಲುಗಳಲ್ಲಿ ಸುಳ್ಳಾಗಿ ಹೋದ ಪ್ರಸಂಗ ಈ ಕಸುಬಿನಲ್ಲಿ ಸುಪ್ರಸಿದ್ಧ. ಫೈಲಿನ ನೆತ್ತಿಯ ಮೇಲೆ ‘ವರ್ಶನ್ 3.8’ ಎಂದು ಬರೆಯಲೇಬೇಕೆಂದು ವರ್ಷಗಟ್ಟಲೆ ಪಾಠ ಮಾಡಿದರು. ಈಗ ಅದೇ ಸಾಲು ಕಂಡರೆ ‘ಇದಕ್ಕೆ ಕಾಲ ಮುಗಿದಿದೆ, ಲೆಕ್ಕಿಸುವುದಿಲ್ಲ, ದಯವಿಟ್ಟು ತೆಗೆಯಿರಿ’ ಎಂದು ಸಲಕರಣೆಯೇ ಗೊಣಗುತ್ತದೆ. ಕಲಿತದ್ದನ್ನು ಮರೆಸುವುದರಲ್ಲಿ ಇದಕ್ಕಿರುವ ಶ್ರದ್ಧೆ ಕಲಿಸುವುದರಲ್ಲಿ ಕಾಣೆ.

ಆಯಿತು, ಎಲ್ಲ ಏಳುತ್ತದೆ. ಎದ್ದ ಮರುಕ್ಷಣ ಅಪ್ಲಿಕೇಶನ್ನು ‘ಡೇಟಾಬೇಸ್ ಸಿಗುತ್ತಿಲ್ಲ’ ಎಂದು ಕುಸಿಯುತ್ತದೆ. ಒಂದು ಕಾರಣ ‘ಲೋಕಲ್‌ಹೋಸ್ಟ್’. ಪ್ರತಿ ಕಂಟೇನರಿಗೂ ತಾನೇ ಲೋಕಲ್‌ಹೋಸ್ಟು, ಪಕ್ಕದ ಡೇಟಾಬೇಸನ್ನು ಅದರ ಸರ್ವಿಸಿನ ಹೆಸರು ಹಿಡಿದು ಕರೆಯಬೇಕು. ಇನ್ನೊಂದು ಕಾರಣ ‘ಡಿಪೆಂಡ್ಸ್ ಆನ್’ ಎಂಬ ಸಾಲು. ಡೇಟಾಬೇಸ್ ಎದ್ದ ಮೇಲೆ ನೀನು ಏಳು ಎಂದು ಅದು ಹೇಳುತ್ತದೆ, ಸರಿ. ಆದರೆ ಅಡುಗೆ ಭಟ್ಟರು ಛತ್ರದ ಬಾಗಿಲು ದಾಟಿದರೆಂದು ಎಲೆ ಹಾಕಿ ಜನ ಕೂರಿಸಿದ ಹಾಗೆ ಅದು. ಭಟ್ಟರು ಇನ್ನೂ ಪಂಚೆ ಎತ್ತಿ ಕಟ್ಟುತ್ತಿದ್ದಾರೆ, ಒಲೆ ಹೊತ್ತಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಿಬರಲು ‘ಹೆಲ್ತ್‌ಚೆಕ್’ ಎಂಬ ಇನ್ನೊಂದು ಅಧ್ಯಾಯವನ್ನು ನೀವೇ ಬರೆಯಬೇಕು. ಬರೆಯುವವರು ಕಡಿಮೆ. ಬಹುಪಾಲು ಮಂದಿ ‘ಸ್ಲೀಪ್ 10’ ಎಂದು ಬರೆದು ದೇವರ ಮೇಲೆ ಭಾರ ಹಾಕುತ್ತಾರೆ. ದೇವರೂ ಸಾಮಾನ್ಯವಾಗಿ ಹತ್ತು ಸೆಕೆಂಡಿನೊಳಗೆ ಒದಗುತ್ತಾನೆ, ಗಿರಾಕಿಗೆ ಡೆಮೊ ತೋರಿಸುವ ದಿನವೊಂದನ್ನು ಬಿಟ್ಟು.

ಭಯ ಹುಟ್ಟಿಸುವ ಭಾಗ ಬೇರೆಯೇ ಇದೆ, ಅದು ಸದ್ದು ಮಾಡುವುದಿಲ್ಲ. ಜಾಣ ಆಡಳಿತಗಾರ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲು ಹಾಕಿ, ಬೇಡದ ಪೋರ್ಟುಗಳನ್ನೆಲ್ಲ ಮುಚ್ಚಿ, ನಿಶ್ಚಿಂತೆಯಿಂದ ಮಲಗಿರುತ್ತಾನೆ. ಕಂಪೋಸ್ ಫೈಲಿನಲ್ಲಿ ಡೇಟಾಬೇಸಿನ ಪೋರ್ಟನ್ನು ಯಾರೋ ಅನುಕೂಲಕ್ಕೆಂದು ಹೊರಕ್ಕೆ ತೆರೆದಿರುತ್ತಾರೆ. ಡಾಕರ್ ನೇರವಾಗಿ ಕರ್ನಲ್ಲಿನ ನಿಯಮಪಟ್ಟಿಯಲ್ಲಿ ತನ್ನ ಸಾಲುಗಳನ್ನು ಸೇರಿಸಿಕೊಳ್ಳುವುದರಿಂದ ಬಂದ ಪ್ಯಾಕೆಟ್ಟು ಯುಎಫ್‌ಡಬ್ಲ್ಯೂ ಕಣ್ಣಿಗೆ ಬೀಳುವ ಮೊದಲೇ ಕಂಟೇನರಿನ ಕಡೆ ತಿರುಗಿಬಿಡುತ್ತದೆ. ಸ್ಟೇಟಸ್ ಕೇಳಿದರೆ ಫೈರ್‌ವಾಲು ‘ಆಕ್ಟಿವ್’ ಎಂದೇ ಹೇಳುತ್ತದೆ, ಪಾಪ, ಅದಕ್ಕೆ ಗೊತ್ತಿದ್ದರೆ ತಾನೆ. ಇದೂ ಕಂಪನಿಯ ದಾಖಲೆಯಲ್ಲೇ ಬರೆದಿದೆ. ಡೇಟಾಬೇಸಿನ ಪಾಸ್‌ವರ್ಡು ಮಾತ್ರ ಮಾದರಿ ಫೈಲಿನಲ್ಲಿದ್ದ ‘ಎಕ್ಸಾಂಪಲ್’ ಎಂಬುದೇ ಆಗಿ ಉಳಿದಿರುತ್ತದೆ. ಕಾಪಿ ಮಾಡುವಾಗ ಅದನ್ನೊಂದು ಬಿಡಬೇಕಿತ್ತು ಎಂದು ಯಾರಿಗೂ ಹೊಳೆದಿರುವುದಿಲ್ಲ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಕೇಳುವುದು ಅನಾಗರಿಕ, ಆದರೂ ಕೇಳೋಣ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ನೀರಿನ ಟ್ಯಾಂಕರು ಯಾವ ಹೊತ್ತಿಗೆ ಬರುತ್ತದೆಂದು ತೋರಿಸುವ ಒಂದು ಪುಟ ಬೇಕು. ನಮ್ಮ ಬೆಂಗಳೂರಿನಲ್ಲಿ ಅಂಥ ಸಂಘದಲ್ಲಿ ಒಬ್ಬ ಆರ್ಕಿಟೆಕ್ಟ್ ಇದ್ದೇ ಇರುತ್ತಾರೆ, ಮನೆ ಕಟ್ಟುವವರಲ್ಲ, ಇನ್ನೊಂದು ಬಗೆಯವರು. ಅವರು ಮುಂಬಾಗಿಲಿಗೆ ಎಂಜಿನ್‌ಎಕ್ಸ್, ಹಿಂದೆ ಅಪ್ಲಿಕೇಶನ್ನು, ಅದರ ಹಿಂದೆ ಪೋಸ್ಟ್‌ಗ್ರೆಸ್, ಪಕ್ಕಕ್ಕೆ ರೆಡಿಸ್, ಇವೆಲ್ಲ ಬದುಕಿವೆಯೇ ಎಂದು ನೋಡಲು ಪ್ರೊಮಿತಿಯಸ್, ಅದು ನೋಡಿದ್ದನ್ನು ಬಣ್ಣದಲ್ಲಿ ತೋರಿಸಲು ಗ್ರಫಾನಾ ಎಂದು ಚಿತ್ರ ಬರೆಯುತ್ತಾರೆ. ‘ಸಾರ್, ದಿನಕ್ಕೆ ಎರಡು ಟ್ಯಾಂಕರು ಬರೋದು’ ಎಂದು ಕಾರ್ಯದರ್ಶಿಗಳು ಮೆಲ್ಲಗೆ ಅಂದರೆ, ‘ನಾಳೆ ಸ್ಕೇಲ್ ಆಗಬೇಕಲ್ಲ ಸಾರ್’ ಎಂಬ ಉತ್ತರ. ಬೇಸಿಗೆಯಲ್ಲಿ ನಾಲ್ಕಾಗಬಹುದು, ನಿಜ. ಪೂರ್ತಿ ಮಾಹಿತಿ ಒಂದು ಟೆಕ್ಸ್ಟ್ ಫೈಲಿನಲ್ಲಿ ಹಿಡಿಯುತ್ತಿತ್ತೆಂದು ಹೇಳುವ ಧೈರ್ಯ ಸಭೆಯಲ್ಲಿ ಯಾರಿಗೂ ಇಲ್ಲ. ಅರ್ಥವಾಗದ ಚಿತ್ರದೆದುರು ತಲೆಯಾಡಿಸುವುದು ವಿದ್ಯಾವಂತರ ಲಕ್ಷಣ. ಒಂದು ಕಮಾಂಡಿನಲ್ಲಿ ಆರು ಕಂಟೇನರು ಏಳುತ್ತವೆ ಎಂಬ ಸೌಕರ್ಯ ಇಲ್ಲದಿದ್ದರೆ ಆರು ಕಂಟೇನರು ಬೇಕೆಂದು ಆ ಆರ್ಕಿಟೆಕ್ಟರಿಗೂ ಅನ್ನಿಸುತ್ತಿರಲಿಲ್ಲ.

ಇನ್ನುಳಿದ ಕಷ್ಟಗಳು ಬಾಡಿಗೆ ಇಲ್ಲದೆ ಸೇರಿಕೊಳ್ಳುತ್ತವೆ. 2020ರ ನವೆಂಬರಿನಲ್ಲಿ ಇಮೇಜುಗಳ ಉಗ್ರಾಣವಾದ ಡಾಕರ್ ಹಬ್ ಅನಾಮಧೇಯರಿಗೆ ಪ್ರತಿ ಆರು ಗಂಟೆಗಳಿಗೆ 100 ಇಮೇಜು ಎಂದು ಪಡಿತರ ಹಾಕಿತು, ಲೆಕ್ಕ ಐಪಿ ವಿಳಾಸದ ಮೇಲೆ. ಇಡೀ ಆಫೀಸಿಗೆ ಒಂದೇ ವಿಳಾಸವಿದ್ದಲ್ಲಿ ಬೆಳಿಗ್ಗೆ ಬೇಗ ಬಂದವರಿಗೆ ಮಾತ್ರ ಪಾಲು. ‘ಲೇಟೆಸ್ಟ್’ ಎಂದು ಬರೆದಿಟ್ಟವರ ಪೋಸ್ಟ್‌ಗ್ರೆಸ್ ಒಂದು ದಿನ ಇಮೇಜನ್ನು ಹೊಸದಾಗಿ ಇಳಿಸಿಕೊಂಡಾಗ ಹೇಳದೆ ಕೇಳದೆ ಮುಂದಿನ ದೊಡ್ಡ ಆವೃತ್ತಿಗೆ ಜಿಗಿದು, ನಿನ್ನೆವರೆಗಿನ ಡೇಟಾ ತನಗೆ ಹೊಂದುವುದಿಲ್ಲವೆಂದು ಮುಖ ತಿರುಗಿಸುತ್ತದೆ. ಲಾಗುಗಳಿಗೆ ನೀವಾಗಿ ಮಿತಿ ಹಾಕದಿದ್ದರೆ ಡಿಸ್ಕ್ ತುಂಬುವವರೆಗೂ ಬೆಳೆಯುತ್ತವೆ. ‘ಡೌನ್’ ಎಂದರೆ ಕಂಟೇನರುಗಳು ಹೋಗುತ್ತವೆ. ‘ಡೌನ್’ ಪಕ್ಕ ಒಂದು ‘ವಿ’ ಸೇರಿಸಿದರೆ ವಾಲ್ಯೂಮುಗಳೂ, ಅಂದರೆ ಅವುಗಳಲ್ಲಿದ್ದ ಡೇಟಾವೂ ಹೋಗುತ್ತದೆ.

ಸಾಕಪ್ಪಾ ಎಂದು ತೆಗೆಯಲು ಹೊರಟಿರೋ, ಅದಕ್ಕೂ ಅಧಿಕೃತ ವಿಧಾನವಿದೆ. ಪ್ಯಾಕೇಜುಗಳನ್ನು ಆಪ್ಟಿನಿಂದ ಕಿತ್ತರೂ ಇಮೇಜು, ಕಂಟೇನರು, ವಾಲ್ಯೂಮುಗಳೆಲ್ಲ ‘ವಾರ್’ ಫೋಲ್ಡರಿನ ಒಳಗಿನ ‘ಲಿಬ್’ನೊಳಗೆ ಹಾಗೇ ಕೂತಿರುತ್ತವೆ, ಅವನ್ನು ‘ಆರ್‌ಎಂ’ ಹೊಡೆದು ಕೈಯಾರೆ ಅಳಿಸಿ ಎಂದು ಸೂಚನೆ. ರೂಟಿನ ಅಧಿಕಾರ ಕೊಡುವ ಸುಡೋ ಸಮೇತ ಆ ಸಾಲು ಹೊಡೆಯುವಾಗ ‘ವಾರ್’ ಆದ ಮೇಲೆ ಬೆರಳು ತಪ್ಪಿ ಒಂದು ಸ್ಪೇಸು ಬಿದ್ದರೆ ಡಾಕರಿನ ಜೊತೆಗೆ ಮಷೀನಿನ ಲಾಗುಗಳು, ಪ್ಯಾಕೇಜುಗಳ ಪಟ್ಟಿ, ಅಲ್ಲೇ ಇಟ್ಟಿದ್ದ ವೆಬ್‌ಸೈಟು ಎಲ್ಲವೂ ಹೋಗುತ್ತವೆ. ಹಾಕುವಾಗ ಇದ್ದ ‘ಮುಂದುವರಿಯಲೇ?’ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ.