ಜಗ್ಗನ ಮಂಡಿ

ಮಗಳಿಟ್ಟ ಹೆಸರು ಜಾಕ್ಸನ್, ಅಮ್ಮ ಕರೆಯುವುದು ಜಗ್ಗ. ತಟ್ಟೆ ಕೈಯಲ್ಲಿದ್ದರೆ ಎರಡಕ್ಕೂ ಓಗೊಡುವ ಈ ಲ್ಯಾಬ್ರಡಾರ್, ಅಳಿಲಿನ ಬೆನ್ನಟ್ಟಿ ಹೋದವನು ಒಂದು ಹಿಂಗಾಲು ಎತ್ತಿಕೊಂಡೇ ಬಂದ. ನ್ಯೂಜೆರ್ಸಿಯ ನಮ್ಮ ಹತ್ತಿರದ ನಾಯಿ ಡಾಕ್ಟರು ಮಂಡಿಯನ್ನು ಹಿಂದೆ ಮುಂದೆ ಜಗ್ಗಿ ನೋಡಿ, 'ಲಿಗಮೆಂಟ್ ಹರಿದಿದೆ, ಆಪರೇಷನ್ನೇ' ಎಂದು ಆರು ಸಾವಿರ ಡಾಲರಿನ ಚೀಟಿ ಕೈಗಿಟ್ಟರು.

ಈ ಸುದ್ದಿ ಕನ್ನಡ ಕೂಟದ ಯುಗಾದಿ ಊಟದಲ್ಲಿ ಬಾಯಿಬಿಟ್ಟದ್ದೇ ತಡ, ಹೋಳಿಗೆಗಿಂತ ಸಲಹೆಯನ್ನೇ ಹೆಚ್ಚು ಬಡಿಸಿದರು. ಸಾಫ್ಟ್‌ವೇರಿನವರೊಬ್ಬರು ಖರ್ಚನ್ನು ಜಗ್ಗನ ಉಳಿದ ಆಯಸ್ಸಿನಿಂದ ಭಾಗಿಸಿ ತೋರಿಸಿದರು. ಮಗಳು ಆ ಅಂಕಲ್ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಮನುಷ್ಯರ ಮೂಳೆ ಡಾಕ್ಟರೊಬ್ಬರು, 'ನನ್ನ ಪೇಷೆಂಟುಗಳು ಎಷ್ಟೋ ಜನ ಫಿಸಿಯೋಥೆರಪಿಯಲ್ಲೇ ಓಡಾಡ್ಕೊಂಡಿದಾರೆ, ಕಾಯಿರಿ ಸಾರ್' ಎಂದರು. ಬೆಂಗಳೂರಿನ ಭಾವ ವಿಡಿಯೋ ಕಾಲಿನಲ್ಲಿ ಪುತ್ತೂರು ಕಟ್ಟು ಹಾಕಿಸಿ ಎಂದರು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಯಾರನ್ನೂ ಕೇಳದೆ ಹರಳೆಣ್ಣೆ ಬಿಸಿಮಾಡಿ ಹಚ್ಚಿದಳು. ಜಗ್ಗ ಅದಷ್ಟನ್ನೂ ನೆಕ್ಕಿದ. ಮುಂದಿನದು ನಮ್ಮ ಕಾರ್ಪೆಟ್ಟಿಗೆ ಗೊತ್ತು.

ಕೊನೆಗೆ ಹೆಂಡತಿ ಎಲ್ಲರನ್ನೂ ಗದರಿಸಿ ಇನ್ನೊಬ್ಬ ಸರ್ಜನ್ ಹತ್ತಿರ ಹೊರಡಿಸಿದಳು. ಆ ಡಾಕ್ಟರಮ್ಮ ಎಕ್ಸ್‌ರೇ ಮೇಲೆ ಗೆರೆ ಎಳೆದು ತೋರಿಸಿದರು. ನಾವು ಮಂಡಿ ನೆಟ್ಟಗೆ ಮಾಡಿ ನಿಲ್ಲುತ್ತೇವೆ, ನಾಯಿಯದು ಸದಾ ಬಾಗಿಯೇ ಇರುತ್ತದೆ. ಅದರ ಕೆಳಗಾಲಿನ ಮೂಳೆಯ ನೆತ್ತಿ ಸುಮಾರು 25 ಡಿಗ್ರಿ ಇಳಿಜಾರು. ಲಿಗಮೆಂಟ್ ಹೋಯಿತೆಂದರೆ, ಹೆಜ್ಜೆ ಹೆಜ್ಜೆಗೂ ತೊಡೆಯ ಮೂಳೆ ಶಿರಾಡಿ ಘಾಟಿಯಲ್ಲಿ ಬ್ರೇಕ್ ತಪ್ಪಿದ ಲಾರಿಯ ಹಾಗೆ ಹಿಂದಕ್ಕೆ ಜಾರುತ್ತದೆ. ಮೂಳೆ ಡಾಕ್ಟರ ಮಾತು ಮನುಷ್ಯರಿಗೆ ಸರಿ, ಜಗ್ಗನಿಗಲ್ಲ. ಒರೆಗಾನಿನ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ಉಪಾಯವಂತೂ ಹರಿದ ಲಿಗಮೆಂಟನ್ನು ಹೊಲಿಯುವ ಗೋಜಿಗೇ ಹೋಗುವುದಿಲ್ಲ. ಮೂಳೆಯನ್ನೇ ಕೊಯ್ದು, ಒಂದಿಷ್ಟು ತಿರುಗಿಸಿ, ಇಳಿಜಾರನ್ನು 5 ಡಿಗ್ರಿಯ ಹತ್ತಿರಕ್ಕೆ ತಂದು, ಪ್ಲೇಟು ಸ್ಕ್ರೂ ಬಿಗಿಯುವುದು.

'ಪುಟ್ಟ ನಾಯಿಯಾಗಿದ್ದರೆ ವಿಶ್ರಾಂತಿ ಕೊಟ್ಟು ನೋಡೋಣ ಅಂತಿದ್ದೆ. ಇವನು 42 ಕೆಜಿ ಇದಾನೆ' ಎಂದರು. ಯಾವಾಗ ಬೇಡ ಎಂಬುದನ್ನೂ ಹೇಳಿದವರು ಇವರೊಬ್ಬರೇ. ನಂಬಲು ನನಗಷ್ಟು ಸಾಕಾಯಿತು. ಬಿಲ್ಲೇನೂ ಕಡಿಮೆಯಾಗಲಿಲ್ಲ.

ಆಮೇಲೆ, 'ಏನು ತಿನ್ನಿಸ್ತೀರಿ?' ಎಂದು ಕೇಳಿದರು. ನಾವೆಲ್ಲ ಅಮ್ಮನ ಕಡೆ ನೋಡಿದೆವು. ಅಮ್ಮ ಗೋಡೆಯ ಕಡೆ ನೋಡಿದಳು.

'ಒಂದು ತುತ್ತು ತುಪ್ಪದನ್ನ. ಅದೇನು ಮಹಾ?'

ಆಪರೇಷನ್ ಆಗಿದೆ. ಜಗ್ಗ ಕೊರಳಿಗೆ ಪ್ಲಾಸ್ಟಿಕ್ ಆಲಿಕೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಮಲಗಿದ್ದಾನೆ. ಒಂದು ಮಂಡಿ ಹೋದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇನ್ನೊಂದೂ ಹೋಗುತ್ತದಂತೆ, ಮೈತೂಕ ಇಳಿಸಲೇಬೇಕಂತೆ. ಆದ್ದರಿಂದ ನೋಡಲು ಬರುವವರಲ್ಲಿ ವಿನಂತಿ: ಸಲಹೆ ಎಷ್ಟು ಬೇಕಾದರೂ ತನ್ನಿ, ಕೋಡುಬಳೆ ಮಾತ್ರ ತರಬೇಡಿ.